ತೀರ್ಥರೂಪ ಸಮಾನರಾದ ಹರಿಗೋಲಿಗೆ

ಹಂಪಿ–ಆನೆಗೊಂದಿ ನಡುವಿನ ಹೊಳೆಯಲ್ಲಿ ವಾಸವಾಗಿರುವ ಹರಿಗೋಲಿನವರಿಗೆ ರಾಣೆಬೆನ್ನೂರಿನಿಂದ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾವು ತಮಗೆ ಹೊರಗಿನವರಲ್ಲ. ತಮ್ಮನ್ನು ತೇಲಿಸುವ ನೀರು ನಮ್ಮ ತಾಲ್ಲೂಕಿನ ಚೌಡದಾನಪುರದಲ್ಲಿ ಮುಕ್ತೇಶ್ವರನ ಗುಡಿ ಹಾದು, ಹೊಸಪೇಟೆಯ ಅಣೆಕಟ್ಟೆ ಇಳಿದು ತಮ್ಮಲ್ಲಿಗೆ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತ ವಚನ ಕಟ್ಟಿದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು ಅದು. ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ ಶರಣ ಅವನು. ಹಾಗಾಗಿ ನಮ್ಮ ಕಡೆ ಅಂಬಿಗ ಎಂದರೆ ಕೈ ತಾನಾಗಿ ಮುಗಿಯುತ್ತದೆ. ಈ ಮಾಗಿಯಲ್ಲಿ ಅವ್ವನನ್ನು ಕರೆದುಕೊಂಡು, ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು, ನಸುಕಿನ ಬಸ್ಸಿಗೆ ತಮ್ಮ ಕಡೆ ಹೊರಟಾಗಲೂ ಹಾಗೇ ಮುಗಿದಿತ್ತು.

ಮೊದಲು ಕೃತಜ್ಞತೆ. ದಂಡೆಯಲ್ಲಿ ಹೇಳಿದ ದರ ನಡುಹೊಳೆಯಲ್ಲಿ ಹೆಚ್ಚಾಯಿತು. ಅಲ್ಲಿ ಇಳಿದು ಹೋಗುವ ದಾರಿ ಇರಲಿಲ್ಲವಾದ್ದರಿಂದ ಕೊಟ್ಟೆವು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ತಾವು ದಂಡೆಯ ಮೇಲೆ ಬೋರಲು ಬೀಳಬೇಕು, ತಮ್ಮನ್ನು ನಂಬಿದ ಮನೆಗಳ ಒಲೆಯೂ ತಣ್ಣಗಾಗುತ್ತದೆ ಎಂಬುದು ನನಗೆ ಗೊತ್ತು. ಹೆಚ್ಚು ಕೊಟ್ಟಿದ್ದಕ್ಕೆ ಬೇಸರವಿಲ್ಲ. ಆ ಹೆಚ್ಚಿನ ದರವನ್ನೇ ದಂಡೆಯಲ್ಲಿ ಒಂದು ಹಲಗೆಯ ಮೇಲೆ ಬರೆಸಿದರೆ ಮಾತಿಲ್ಲದೆ ಎಣಿಸಿಕೊಡುತ್ತೇವೆ.

ಜೀವರಕ್ಷಕ ಅಂಗಿಯ ಉಪಕಾರವನ್ನೂ ಮರೆಯಲಾರೆ. ಹತ್ತು ಜನ ಕೂತಲ್ಲಿ ಎರಡು ಅಂಗಿ. ಅವ್ವನಿಗೆ ಸಿಕ್ಕಿದ್ದರ ಪಟ್ಟಿ ಹರಿದಿತ್ತು. ಅದನ್ನು ಸೆರಗಿನಿಂದ ಬಿಗಿದು ಕಟ್ಟಿದೆ. ಅದೇ ಹೊಳೆಯಲ್ಲಿ, 2009ರ ಜನವರಿಯಲ್ಲಿ, ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಯವರು ಜೀವ ಕಳೆದುಕೊಂಡರು. ಕಲ್ಲು ಕಬ್ಬಿಣವೇ ನಿಲ್ಲದ ಹೊಳೆಯ ಮೇಲೆ ಬಿದಿರಿನ ಬುಟ್ಟಿಯಲ್ಲಿ ಕೂತ ತಾಯಿಗೆ ಒಂದು ಗಟ್ಟಿ ಪಟ್ಟಿಯನ್ನಾದರೂ ದಯಪಾಲಿಸಬೇಕೆಂದು ಕಾಲು ಹಿಡಿದು ಕೇಳುತ್ತೇನೆ.

ಆಮೇಲೆ ತಾವು ತಿರುಗಿದಿರಿ. ತಿರುಗುವುದು ತಮ್ಮ ಹುಟ್ಟುಗುಣ, ಒಪ್ಪುತ್ತೇನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ತಮ್ಮನ್ನು ಕಂಡು ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಈ ದೋಣಿಗಳು ನೆಟ್ಟಗೆ ಹೋಗಲು ಬಾರದೆ ಸುತ್ತುತ್ತಲೇ ಸಾಗುತ್ತವೆ ಎಂದು. ಐನೂರು ವರ್ಷ ಕಳೆದು ಚರ್ಮ ಹೋಗಿ ಪ್ಲಾಸ್ಟಿಕ್ಕು, ಡಾಂಬರು ಬಂದವು. ಆಕಾರ ಮಾತ್ರ ಅದೇ. ಹಂಪಿಯಲ್ಲಿ ಗುಡಿ, ಮಂಟಪ, ಬಜಾರು ಬಹುಪಾಲು ಕೆಲಸ ನಿಲ್ಲಿಸಿ ನಿಂತಿವೆ. ವಿರೂಪಾಕ್ಷನ ಪೂಜೆಯ ಹಾಗೆ ಆ ಕಾಲದ ಕೆಲಸವನ್ನು ಇನ್ನೂ ಮಾಡುತ್ತಿರುವ ಕೆಲವರಲ್ಲಿ ತಾವೂ ಒಬ್ಬರು. ಅಂಥ ಹಿರಿಯರನ್ನು ಫೋಟೋದ ಸಲುವಾಗಿ ಗಿರಗಿರ ತಿರುಗಿಸಿದಾಗ ಅವ್ವ ಕಣ್ಣುಮುಚ್ಚಿ ‘ಸಾಕೋ ಯಪ್ಪಾ’ ಎಂದಳು. ಕೇಳಿದವರಿಲ್ಲ. ಆಕೆಯ ಕೈ ನನ್ನ ಮೊಣಕೈಯಲ್ಲಿ ಊರಿದ ಗುರುತು ಸಂಜೆವರೆಗೂ ಇತ್ತು.

ಇದೆಲ್ಲ ಮರೆಯಬಹುದು. ಮರೆಯಲಾಗದ್ದು ಇನ್ನೊಂದಿದೆ. ಆಚೆ ದಂಡೆಗೆ ಇಳಿಯುತ್ತೇವೆ ಎಂದಾಗ ‘ಆನೆಗೊಂದ್ಯಾಗ ಏನೈತ್ರಿ, ಇಲ್ಲೇ ಒಂದು ಸುತ್ತು ಹಾಕಿ ತಿರುಗಿ ಹೋಗೂಣು’ ಎಂಬ ಉತ್ತರ ಬಂತು. ಸ್ವಾಮಿ, ಹಂಪಿ ರಾಜಧಾನಿಯಾಗುವ ಮೊದಲೇ ಬಾಳಿದ ಊರು ಅದು! ಕೋಟೆಬಾಗಿಲು, ಗಗನಮಹಲು, ರಂಗನಾಥನ ಗುಡಿ ಇವೆ. ಬಾಳೆನಾರು ಹೆಣೆಯುವ ಹೆಂಗಸರಿದ್ದಾರೆ. ಆ ಊರಿಗೆ ಮುಟ್ಟಿಸಲೆಂದೇ ಹುಟ್ಟಿದ ತಾವು ಅಲ್ಲಿ ಏನೂ ಇಲ್ಲವೆಂದರೆ ನಾವು ಯಾರ ಮಾತು ನಂಬೋಣ? ನಾನು ಹಟ ಹಿಡಿದದ್ದಕ್ಕೆ ದಾಟಿಸಿದಿರಿ, ಅದಕ್ಕೆ ವಂದನೆ. ಸಂಜೆ ಮರಳಿ ಬರುವಷ್ಟರಲ್ಲಿ ದಂಡೆ ಖಾಲಿ. ಕೊನೆಯ ಸರದಿ ಎಷ್ಟು ಹೊತ್ತಿಗೆಂದು ಯಾರೂ ಹೇಳಿರಲಿಲ್ಲ. ಆಟೋ ಹಿಡಿದು, ಬುಕ್ಕಸಾಗರದ ಸೇತುವೆ ಬಳಸಿ ಹೊಸಪೇಟೆ ಸೇರುವಷ್ಟರಲ್ಲಿ ಕತ್ತಲಾಗಿತ್ತು.

ಬಸ್ಸಿನಲ್ಲಿ ಅವ್ವ ಬೈಯಲಿಲ್ಲ. ಹೊಳೆಯ ನಡುವೆ ನಿಂತ ಹಳೆಯ ಸೇತುವೆಯ ಕಲ್ಲುಕಂಬಗಳ ಮಾತೇ ಆಡುತ್ತಿದ್ದಳು. ನೀರು ಅಷ್ಟು ಹತ್ತಿರ ಇದ್ದರೂ ಮುಟ್ಟಲಿಲ್ಲ, ಕೈ ಚಾಚಲು ಹೆದರಿಕೆಯಾಯಿತು ಎಂದಳು.

ಬರುವ ಮಾಗಿಗೆ ಮತ್ತೆ ಬರುತ್ತೇವೆ. ಆಕೆ ನೀರು ಮುಟ್ಟುವಷ್ಟು ಹೊತ್ತು ದಯವಿಟ್ಟು ತಿರುಗದೆ ನಿಲ್ಲಬೇಕು.

ತಮ್ಮ ಆಶೀರ್ವಾದ ಬೇಡುವ,
ಮೇಲ್ದಂಡೆಯ ಮಗ