ತೂಗುವ ಮೊದಲೇ ಮುದ್ರೆ ಬೀಳಲಿ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ಕಾರ್ಪೊರೇಟ್ ವ್ಯವಹಾರಗಳ ಖಾತೆ ನಿಮ್ಮದು; ರಾಜ್ಯಸಭೆಗೆ ಆಯ್ಕೆಯಾಗಿರುವುದೂ ನೀವು ನಮ್ಮ ಕರ್ನಾಟಕದಿಂದಲೇ. ಹಾಗಾಗಿ ಈ ಮಾತು ನಿಮ್ಮ ಹತ್ತಿರವೇ ಆಡಬೇಕೆನಿಸಿತು.

ನಾನು ತಿಪಟೂರು ಕಡೆಯ ಕೊಬ್ಬರಿ ಬೆಳೆಗಾರರ ಮಗಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಮಂಡಿಗೆ ಹೋಗುತ್ತಿದ್ದೆ. ಚೀಲ ತಕ್ಕಡಿ ಏರುವ ಮುಂಚೆ ಅಪ್ಪ ಕಬ್ಬಿಣದ ತೂಕದ ಕಲ್ಲನ್ನು ಮಗುಚಿ, ಗುಳಿಯಲ್ಲಿ ತುಂಬಿದ ಸೀಸದ ಮೇಲೆ ಇಲಾಖೆಯವರು ಒತ್ತಿದ ಮುದ್ರೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡುತ್ತಿದ್ದರು. ಮುದ್ರೆ ಕಂಡ ಮೇಲೇ ಮೊದಲ ಚೀಲ. ಮಂಡಿ ಸಾಹುಕಾರರು ಅದಕ್ಕೆ ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ. ರೈತರಿಂದ ದಲಾಲಿ ಪಡೆಯುವಂತಿಲ್ಲ ಎಂದು ಯಾರ್ಡಿನ ಗೋಡೆಯ ಮೇಲೇ ಬರೆದಿತ್ತು. ಇಷ್ಟೆಲ್ಲ ಕಟ್ಟಳೆ ಇದ್ದೂ ವ್ಯಾಪಾರ ನಿಂತಿರಲಿಲ್ಲ. ಟೆಂಡರಿನಲ್ಲಿ ಹೆಚ್ಚು ಬರೆದವರಿಗೆ ಮಾಲು ಹೋಗುತ್ತಿತ್ತು. ಮುಕ್ತ ಮಾರುಕಟ್ಟೆ ಅಂದರೆ ಇವತ್ತಿಗೂ ನನ್ನ ಕಣ್ಣಮುಂದೆ ಬರುವುದು ಆ ಯಾರ್ಡೇ.

ಈಗ ಬೆಂಗಳೂರಿನಲ್ಲಿ ಆ್ಯಪ್ ಮಾಡುವವರ ನಡುವೆ ಬದುಕುತ್ತಿದ್ದೇನೆ. ಇವರ ಮಂಡಿ ಗೂಗಲ್ ಪ್ಲೇ. ದೇಶದ ಬಹುಪಾಲು ಫೋನುಗಳಲ್ಲಿರುವುದು ಆಂಡ್ರಾಯ್ಡ್, ಜನ ಆ್ಯಪ್ ಹುಡುಕುವುದೂ ಅಲ್ಲೇ. ಮಂಡಿ ಕಟ್ಟಿದ ಕಂಪನಿಯೇ ಅಲ್ಲಿ ತನ್ನ ಮಾಲನ್ನೂ ಇಟ್ಟಿದೆ, ದಲಾಲಿಯನ್ನೂ ತಾನೇ ಗೊತ್ತುಮಾಡುತ್ತದೆ. ಡಿಜಿಟಲ್ ಸರಕು ಮಾರಿದರೆ ನೂರಕ್ಕೆ 15ರಿಂದ 30 ರೂಪಾಯಿ. ಬೇರೆ ದಾರಿಯಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಅವಕಾಶ ಕೊಟ್ಟಾಗಲೂ ಕಡಿಮೆಯಾದದ್ದು ಬರೀ ನಾಲ್ಕು ರೂಪಾಯಿ: 11ರಿಂದ 26.

ಈ ಶುಲ್ಕದ ತಕರಾರಿನಲ್ಲೇ 2024ರ ಮಾರ್ಚ್ 1ರ ಶುಕ್ರವಾರ ಭಾರತ್ ಮ್ಯಾಟ್ರಿಮೋನಿ, ನೌಕ್ರಿಯಂಥ ಆ್ಯಪ್‌ಗಳು ಪ್ಲೇ ಸ್ಟೋರ್‌ನಿಂದ ಮಾಯವಾದವು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಅವು ವಾಪಸಾದವು. ಸಚಿವರು ಮಾತಾಡಿದರು, ಸರಿ. ಆದರೆ ಇಬ್ಬರು ಮೂವರು ಸೇರಿ ಮಾಡಿದ ಕನ್ನಡದ ಕಥೆ ಆ್ಯಪ್ ಒಂದು ಹಾಗೆ ಮಾಯವಾದರೆ ಯಾವ ಸಚಿವರು ಫೋನೆತ್ತುತ್ತಾರೆ ಮೇಡಂ?

ಸ್ಪರ್ಧಾ ಆಯೋಗ ಕೈಕಟ್ಟಿ ಕೂತಿಲ್ಲ ಎಂಬುದು ನಿಜ. ಆಂಡ್ರಾಯ್ಡ್ ವಿಷಯದಲ್ಲಿ 2019ರಲ್ಲಿ ತನಿಖೆಗೆ ಆದೇಶಿಸಿ, 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ, ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ಬೇರೆಯವರ ಆ್ಯಪ್ ಅಂಗಡಿಗೂ ಪ್ಲೇ ಸ್ಟೋರ್‌ನಲ್ಲಿ ಜಾಗ ಕೊಡಬೇಕು ಎಂಬ ನಿರ್ದೇಶನ ಹೋದದ್ದು ಅಲ್ಲೇ. ಪ್ಲೇ ಪಾವತಿ ಪದ್ಧತಿಗೆ ಹಾಕಿದ್ದ 936.44 ಕೋಟಿ ದಂಡ 2025ರಲ್ಲಿ 216.69 ಕೋಟಿಗೆ ಇಳಿಯಿತು. ನ್ಯಾಯಮಂಡಳಿ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನನ್ನ ಸಂಕಟ ಬೇರೆ. ಚೀಲ ತೂಗಿ, ಲಾರಿ ಹೋಗಿ, ವರ್ಷಗಳೇ ಕಳೆದ ಮೇಲೆ ತಕ್ಕಡಿ ಸರಿಯಿತ್ತೇ ಎಂದು ವಿಚಾರಿಸುತ್ತಿದ್ದೇವೆ. ಅಷ್ಟರೊಳಗೆ ಬಾಗಿಲು ಹಾಕಿದವರಿಗೆ ಆ ದಂಡದಿಂದ ಒಂದು ಕಾಸೂ ಬರುವುದಿಲ್ಲ.

ಮೊದಲೇ ಮುದ್ರೆ ಒತ್ತುವ ಕಾನೂನಿನ ಕರಡು ನಿಮ್ಮ ಇಲಾಖೆ ನೇಮಿಸಿದ ಸಮಿತಿಯಿಂದಲೇ 2024ರ ಮಾರ್ಚ್‌ನಲ್ಲಿ ಹೊರಬಂತು: ಡಿಜಿಟಲ್ ಸ್ಪರ್ಧಾ ಮಸೂದೆ. ಯುರೋಪಿನ ಅಂಥದ್ದೇ ಕಾನೂನಿನ ಕಟ್ಟುಪಾಡುಗಳು ದೊಡ್ಡ ಕಂಪನಿಗಳ ಮೇಲೆ ಜಾರಿಯಾದದ್ದೂ ಅದೇ ತಿಂಗಳು. ನಮ್ಮದು ಇನ್ನೂ ಕರಡಾಗಿಯೇ ಉಳಿದಿದೆ. ಬೆಳೆಯುತ್ತಿರುವ ನಮ್ಮದೇ ಕಂಪನಿಗಳ ಕಾಲಿಗೆ ಇದು ತೊಡಕಾಗುತ್ತದೆ ಎಂಬ ಅಂಜಿಕೆ ಇದೆ, ಅದನ್ನು ತಳ್ಳಿಹಾಕಲಾರೆ. ಆದರೆ ಕರಡು ಇಟ್ಟ ಗೆರೆ ನೋಡಿ: ಸಾವಿರಾರು ಕೋಟಿಯ ವಹಿವಾಟಿನ ಜೊತೆಗೆ 1 ಕೋಟಿ ಬಳಕೆದಾರರು, ಇಲ್ಲವೇ 10,000 ವ್ಯಾಪಾರಿ ಬಳಕೆದಾರರು ಇರಬೇಕು. ಗೆರೆ ತೀರಾ ಕೆಳಗಿದೆ ಅನಿಸಿದರೆ ಏರಿಸಿ. ಮಸೂದೆಯನ್ನೇ ಬದಿಗಿಡಬೇಡಿ.

ಮಂಡಿ ಕಟ್ಟಿದ ಕಂಪನಿ ತನ್ನ ಮಾಲನ್ನು ಮುಂದೆ ತಳ್ಳಬಾರದು, ಕಡಿಮೆ ದರ ಬೇರೆಲ್ಲಿ ಸಿಗುತ್ತದೆ ಎಂದು ಗಿರಾಕಿಗೆ ಹೇಳುವ ವ್ಯಾಪಾರಿಯ ಬಾಯಿ ಕಟ್ಟಬಾರದು: ಈ ಎರಡು ಮಾತು ಅದರಲ್ಲಿ ಉಳಿಯಲಿ. ಮುಂದಿನ ಅಧಿವೇಶನದಲ್ಲೇ ಅದನ್ನು ಸದನಕ್ಕೆ ತನ್ನಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ತಿಪಟೂರು ಕಡೆಯ ಬೆಂಗಳೂರು ನಿವಾಸಿ