ರಾವಣನಿಗೆ ಇಪ್ಪತ್ತು ತಲೆ

ಟಿವಿಯಲ್ಲಿ ಚುಕ್ಕಿ ಹೆಚ್ಚಾದರೆ ಮಾಡಿನ ಮೇಲೆ ಇನ್ನೊಂದು ಆಂಟೆನಾ ಏರಿಸಬೇಕು ಅನ್ನುವುದು ನಮ್ಮ ಚಿಕ್ಕಪ್ಪನ ಸಿದ್ಧಾಂತ. ಒಂದಕ್ಕೆ ಅರ್ಧ ರಾಮಾಯಣ ಬಂದರೆ ಎರಡಕ್ಕೆ ಪೂರ್ತಿ. 1987ರ ಭಾನುವಾರಗಳಲ್ಲಿ ಮಲೆನಾಡಿನ ನಮ್ಮ ಜಗಲಿಯಲ್ಲಿ ಅರ್ಧ ಊರೇ ಕೂತಿರುತ್ತಿದ್ದರಿಂದ ಇದು ಮರ್ಯಾದೆಯ ಪ್ರಶ್ನೆಯೂ ಆಗಿತ್ತು. ಸಿಗ್ನಲ್ಲು ಹೊರಡುವುದು ಪೇಟೆಯ 100 ವಾಟಿನ ಟ್ರಾನ್ಸ್‌ಮಿಟರಿನಿಂದ. ಒಂದು ಬಲ್ಬಿನಷ್ಟು ಶಕ್ತಿ ಅಷ್ಟು ಗುಡ್ಡ ಹತ್ತಿಳಿದು ನಮ್ಮನ್ನು ಮುಟ್ಟುವುದೇ ಪುಣ್ಯ.

ಜಪಾನಿನ ಯಾಗಿ, ಉಡಾ ಎಂಬಿಬ್ಬರು 1926ರಲ್ಲಿ ಲೋಕಕ್ಕೆ ತಿಳಿಸಿದ ಈ ಕೋಲುಗಳ ಮೇಲೆ ನಮ್ಮ ಕಾಗೆಗಳಿಗೂ ಬಹಳ ಅಭಿಮಾನ. ಚಿಕ್ಕಪ್ಪ ಹಳೆಯದರ ಮೇಲೆ ಒಂದು ಗೇಣು ಬಿಟ್ಟು ಹೊಸದನ್ನು ಕಟ್ಟಿ, ಎರಡರ ಚಪ್ಪಟೆ ವೈರನ್ನೂ ಹೊಸೆದು ಕೆಳಕ್ಕೆ ಬಿಟ್ಟರು. ಇದ್ದ ಅರ್ಧ ರಾಮಾಯಣವೂ ಹೋಯಿತು.

ರೇಡಿಯೋ ರಿಪೇರಿಯವ ಬಂದು ಮೇಲೆ ನೋಡಿ ನಕ್ಕ. "ಅಲ್ಲ ಮಾರಾಯ್ರೇ, ಒಂದರ ವೈರು ತಿರುಗುಮುರುಗು ಆಗಿದೆ. ಇದು ಕೂಡಿದ್ದನ್ನ ಅದು ಕಳೀತಿದೆ." ಎರಡೂ ಒಂದೇ ಅಲೆಯ ಒಂದೇ ಏರಿಳಿತವನ್ನು ಒಟ್ಟಿಗೇ ತಂದು ಒಪ್ಪಿಸಬೇಕು, ಹಾಗಾಗಿ ವೈರು ಸಮ ಉದ್ದ ಇರಬೇಕು. ಅಲೆಯ ಉದ್ದ ಸುಮಾರು ಒಂದೂವರೆ ಮೀಟರ್. ನಡುವೆ ಅದರ ಅರ್ಧವಾದರೂ ಜಾಗ ಬಿಡದಿದ್ದರೆ ಎರಡೂ ಒಂದೇ ಸಿಗ್ನಲ್ಲಿಗೆ ಕಿತ್ತಾಡುತ್ತವೆ. ಇಷ್ಟೆಲ್ಲ ನೇರ್ಪಾದರೂ ಲಾಭ ಹೆಚ್ಚೆಂದರೆ 3 ಡೆಸಿಬೆಲ್. ಇನ್ನೊಂದು 3 ಬೇಕೆಂದರೆ ಆಂಟೆನಾ ನಾಲ್ಕು, ಮತ್ತೊಂದು 3ಕ್ಕೆ ಎಂಟು.

"ಎಂಟೂ ಹಾಕ್ಸಿ, ಬಟ್ಟೆ ಒಣಗಿಸಕ್ಕಾದ್ರೂ ಆಗುತ್ತೆ" ಎಂದರು ಚಿಕ್ಕಮ್ಮ ಒಳಗಿನಿಂದಲೇ.

ಮುಂದಿನ ಭಾನುವಾರ ಚುಕ್ಕಿ ನಿಜಕ್ಕೂ ಕಡಿಮೆಯಾದವು. ಆದರೆ ನಮ್ಮ ಟಿವಿಯ ರೋಗ ಚುಕ್ಕಿಯಲ್ಲ, ನೆರಳು. ಪಕ್ಕದ ಗುಡ್ಡಕ್ಕೆ ಬಡಿದು ಬರುವ ಸಿಗ್ನಲ್ಲು 300 ಮೀಟರ್ ಸುತ್ತು ಹಾಕಿದರೂ ಸಾಕು, ಒಂದು ಮೈಕ್ರೋಸೆಕೆಂಡ್ ತಡವಾಗಿ ಬಂದು ಬಲಗಡೆ ಇನ್ನೊಂದು ಚಿತ್ರ ಬರೆಯುತ್ತದೆ. ಒಂದರ ಮೇಲೊಂದು ಕಟ್ಟಿದ ಜೋಡಿ ಮೇಲಿನ, ಕೆಳಗಿನ ಗಲಾಟೆಯನ್ನು ತಡೆದೀತೇ ಹೊರತು ಪಕ್ಕದಿಂದ ಬರುವುದಕ್ಕೆ ಏನೂ ಅನ್ನುವುದಿಲ್ಲ. ಹೀಗಾಗಿ ನೆರಳಿಗೂ 3 ಡೆಸಿಬೆಲ್ ಸಿಕ್ಕಿತು. ರಾಮನ ಹಿಂದೆ ಮಸುಕಾಗಿ ನಡೆಯುತ್ತಿದ್ದ ಇನ್ನೊಬ್ಬ ರಾಮ ಬಿಲ್ಲಿನ ಹೆದೆ ಸಮೇತ ಕಾಣತೊಡಗಿದ. ರಾವಣ ಹತ್ತು ತಲೆ ತೋರಿಸಿದ ದಿನ ನಮ್ಮಲ್ಲಿ ಇಪ್ಪತ್ತು. ಅಜ್ಜಿ ಕೈಮುಗಿಯುವುದು ಬಿಟ್ಟು ಎಣಿಸತೊಡಗಿದರು.

ಅಕ್ಕಪಕ್ಕ ಕಟ್ಟಿದರೆ ಆಂಟೆನಾಗಳ ಅಡ್ಡನೋಟ ಕಿರಿದಾಗುತ್ತದೆ, ಅಂತರ ಹೊಂದಿಸಿದರೆ ಗುಡ್ಡದ ಕಡೆಗೆ ಕುರುಡೇ ಆಗುತ್ತವೆ ಎಂದ ರಿಪೇರಿಯವ. ಅದಕ್ಕೊಂದು ಅಡ್ಡಪೈಪು, ಇನ್ನೊಂದು ಕಂಬ, ಚಿಕ್ಕಮ್ಮನ ಒಪ್ಪಿಗೆ ಬೇಕಿತ್ತು. ಮೂರನೆಯದು ಸಿಗುವ ಹೊತ್ತಿಗೆ ರಾವಣ ಸತ್ತು, ಪಟ್ಟಾಭಿಷೇಕ ಮುಗಿದು, ಉತ್ತರ ರಾಮಾಯಣ ಶುರುವಾಗಿ, ದೇಶದ ಟಿವಿಗಳಲ್ಲಿ ಲವಕುಶರಿಬ್ಬರು ಹಾಡುತ್ತಿದ್ದರು. ನಮ್ಮ ಜಗಲಿಯಲ್ಲಿ ನಾಲ್ವರು.