ಬಿಕ್ಕಳಿಕೆಯ ಲೆಕ್ಕ

ಚಿಕ್ಕವನಿದ್ದಾಗ ನನಗೆ ಬಿಕ್ಕಳಿಕೆ ಬಂದರೆ ಅಮ್ಮ ಒಂದು ಲೋಟ ನೀರು ಕೈಗಿಟ್ಟು, 'ಯಾರೋ ನೆನೆಸಿಕೊಳ್ತಿದಾರೆ ಕಣೋ' ಅನ್ನುತ್ತಿದ್ದಳು. ಅಜ್ಜಿ, ಸೋದರಮಾವ, ಚಿಕ್ಕಮ್ಮ ಅಂತ ಒಬ್ಬೊಬ್ಬರ ಹೆಸರೇ ಹೇಳುತ್ತಾ ಹೋಗಬೇಕು. ಸರಿಯಾದ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಂತುಬಿಡಬೇಕು. ಮುಂದೆ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದ ಮೇಲೆ ಗೊತ್ತಾಯಿತು, ವಿಜ್ಞಾನಿಗಳದ್ದೂ ಇದೇ ನಂಬಿಕೆ. ಒಬ್ಬರ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ನೆನೆಸಿಕೊಳ್ಳುವುದನ್ನು ಅವರು ಸೈಟೇಶನ್ ಅನ್ನುತ್ತಾರೆ, ಅಷ್ಟೇ.

ನಿವೃತ್ತಿಗೆ ಮುಂಚೆ ತುಂಬಿದ ಬಡ್ತಿಯ ಅರ್ಜಿಯಲ್ಲಿ 'ಎಚ್-ಇಂಡೆಕ್ಸ್' ಅಂತೊಂದು ಕಾಲಂ ಇತ್ತು. ಹಿರ್ಷ್ ಎಂಬ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ 2005ರಲ್ಲಿ ಕಟ್ಟಿದ ಲೆಕ್ಕ ಅದು. ನಿಮ್ಮ ಹತ್ತು ಪೇಪರುಗಳನ್ನು ತಲಾ ಹತ್ತು ಸಲವಾದರೂ ಬೇರೆ ಪೇಪರುಗಳಲ್ಲಿ ಹೆಸರಿಸಿದ್ದರೆ ನಿಮ್ಮದು ಹತ್ತು. ನನ್ನವು ಮೂರು ಪೇಪರು. ಒಂದಕ್ಕೆ 11 ಸೈಟೇಶನ್, ಇನ್ನೊಂದಕ್ಕೆ 2, ಮೂರನೆಯದಕ್ಕೆ ಸೊನ್ನೆ. ಹಾಗಾಗಿ ನನ್ನದು 2. ಹೆಂಡತಿಗೆ ಹೇಳಿದೆ. 'ಎಷ್ಟಕ್ಕೆ ಎರಡು?' ಅಂದಳು.

ಇದಕ್ಕೆ ಗರಿಷ್ಠ ಅಂಕ ಅಂತ ಇಲ್ಲ ಎಂದು ವಿವರಿಸಲು ಸಿ.ಎನ್.ಆರ್. ರಾವ್ ಅವರನ್ನು ಕರೆತರಬೇಕಾಯಿತು. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರವನ್ನು ಕಟ್ಟಿದವರು. 2013ರಲ್ಲಿ ಅವರ ಎಚ್-ಇಂಡೆಕ್ಸ್ 100 ಮುಟ್ಟಿತು. ಭಾರತದ ವಿಜ್ಞಾನಿಗಳಲ್ಲಿ ಇವರೇ ಮೊದಲು ಎಂದು ಪತ್ರಿಕೆಗಳು ಬರೆದವು. ಅದೇ ವರ್ಷ ನವೆಂಬರ್ 16ರಂದು ಭಾರತರತ್ನಕ್ಕೆ ಎರಡು ಹೆಸರು ಹೊರಬಿದ್ದವು, ರಾವ್ ಮತ್ತು ಸಚಿನ್. ಇಬ್ಬರದ್ದೂ ನೂರೇ! ಸಚಿನ್‌ನ ನೂರು ಶತಕ ನಮ್ಮ ಬೀದಿಯ ಹುಡುಗರಿಗೆಲ್ಲ ಬಾಯಿಪಾಠ. ರಾವ್ ಅವರ ನೂರಕ್ಕೆ ಯಾರೂ ಪಟಾಕಿ ಹೊಡೆದದ್ದು ನಾನು ಕೇಳಲಿಲ್ಲ. ಆ ಹೊತ್ತಿಗೆ ಅವರ ಪೇಪರುಗಳು 1,400 ದಾಟಿದ್ದವು. ಅರವತ್ತು ವರ್ಷಕ್ಕೆ ಹಂಚಿದರೂ ಹದಿನೈದು ಹದಿನಾರು ದಿನಕ್ಕೊಂದು. ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಕೂಡ ಅಷ್ಟು ಬೇಗ ಬರುವುದಿಲ್ಲ. (ಶಿಷ್ಯರ ಕೈಗಳೂ ಅದರಲ್ಲಿವೆ, ನಿಜ. ಆದರೆ ಶಿಷ್ಯರು ನನಗೂ ಇದ್ದರು.)

ಹೆಚ್ಚು ಬಿಕ್ಕಳಿಸಿದವರು ಮಾತ್ರ ರಾವ್ ಅಲ್ಲ, ಆಲಿವರ್ ಲೌರಿ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಒಂದು ವಿಧಾನವನ್ನು 1951ರಲ್ಲಿ ಪ್ರಕಟಿಸಿದರು. ನಾವೂ ಮಾಡಿದ್ದೇವೆ: ಫೋಲಿನ್ ಕಾರಕ ಹಾಕಿದರೆ ಕೊಳವೆಯಲ್ಲಿ ನೀಲಿ ಬಣ್ಣ ಏಳುತ್ತದೆ, ನೀಲಿ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ. ಇಷ್ಟಕ್ಕೇ ಮೂರು ಲಕ್ಷಕ್ಕೂ ಮೀರಿ ಸೈಟೇಶನ್! ಅದೇನು ಮಹಾನ್ ಪೇಪರಲ್ಲ ಎಂದು ಲೌರಿಯವರೇ ಒಪ್ಪಿಕೊಂಡಿದ್ದರು. ಒಳಗೊಳಗೇ ಖುಷಿಯೆಂದೂ ಸೇರಿಸಿದ್ದರು. ನನಗೆ ಆ ಎರಡನೆಯ ಮಾತೇ ಹೆಚ್ಚು ಇಷ್ಟ. ಒರಳುಕಲ್ಲನ್ನು ಯಾರೂ ಹೊಗಳುವುದಿಲ್ಲ, ಆದರೆ ಅದಿಲ್ಲದೆ ಯಾರ ಮನೆಯಲ್ಲೂ ದೋಸೆ ಏಳುತ್ತಿರಲಿಲ್ಲ.

ಜರ್ಮನಿಯ ಗಟ್ಟಿಂಗೆನ್‌ನಲ್ಲಿದ್ದ ಜಾರ್ಜ್ ಶೆಲ್ಡ್ರಿಕ್ ಅವರದ್ದು ಇನ್ನೂ ತಮಾಷೆ. ಹರಳಿನೊಳಗೆ ಅಣುಗಳು ಹೇಗೆ ಕೂತಿವೆ ಎಂದು ಎಕ್ಸ್-ಕಿರಣದಿಂದ ಕಂಡುಹಿಡಿಯಲು ಶೆಲ್‌ಎಕ್ಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಬರೆದವರು ಅವರು. 2008ರಲ್ಲಿ ಅದರ ಕಿರು ಚರಿತ್ರೆ ಬರೆದು, ಬಳಸುವವರು ಈ ಲೇಖನವನ್ನು ಹೆಸರಿಸಬಹುದು ಎಂದು ಸೂಚಿಸಿದರು. ಜಗತ್ತೆಲ್ಲ ಹೆಸರಿಸಿತು. ಆ ಲೇಖನ ಅಚ್ಚಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳಿಗೆ ಸರಾಸರಿ ಸಿಗುವ ಸೈಟೇಶನ್, 2 ಇದ್ದದ್ದು ಮರುವರ್ಷ 49ಕ್ಕೆ ನೆಗೆದು 'ನೇಚರ್' ಪತ್ರಿಕೆಯನ್ನೂ ಹಿಂದೆ ಹಾಕಿತು. ಎರಡು ವರ್ಷದ ವೈಭವ. ಆಮೇಲೆ ಮದುವೆ ಮುಗಿದ ಮನೆಯ ಸೀರಿಯಲ್ ಲೈಟು ಇಳಿಸಿದ ಹಾಗೆ ಮತ್ತೆ 2.

ಈ ಲೋಕದಲ್ಲಿ ಮುಯ್ಯಿಯೂ ಇದೆ. ಅವರು ನಮ್ಮನ್ನು ಹೆಸರಿಸಿದರೆ ನಾವು ಅವರನ್ನು. ಬೈಯಲಿಕ್ಕೆಂದೇ ಹೆಸರಿಸಿದರೂ ಲೆಕ್ಕಕ್ಕೆ ಒಂದು ಒಂದೇ. ನನ್ನ ಹನ್ನೊಂದನ್ನೇ ಬಿಡಿಸಿ ನೋಡಿದರೆ, ಮೂರು ನಾನೇ ಬರೆದುಕೊಂಡದ್ದು. ನಾಲ್ಕು ನನ್ನ ಗೈಡ್‌ದು. ಒಂದು, ನಾನು ಮೊದಲೇ ಮುಯ್ಯಿ ಮಾಡಿದ್ದ ಗೆಳೆಯನದು. ಉಳಿದ ಮೂವರ ಗುರುತೇ ಇಲ್ಲ. ಒಬ್ಬರು ಬ್ರೆಜಿಲ್‌ನವರು. ಎಲ್ಲಿಯ ಬ್ರೆಜಿಲ್, ಎಲ್ಲಿಯ ನಮ್ಮ ಸೋರುವ ಲ್ಯಾಬು! ಆ ಪೇಪರನ್ನು ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇನೆ.

ಕಳೆದ ಭಾನುವಾರ ಇಡ್ಲಿ ತಿನ್ನುವಾಗ ಜೋರಾಗಿ ಬಿಕ್ಕಳಿಕೆ ಬಂತು. ಕೈ ತೊಳೆದು, ಕಂಪ್ಯೂಟರ್ ತೆರೆದು ನೋಡಿದೆ. ಹನ್ನೊಂದೇ ಇತ್ತು. ಚಟ್ನಿ ಖಾರವಾಗಿತ್ತು.